1200 ಕ್ಯಾಲರಿ ಯಾರ ಲೆಕ್ಕ?

ಮಾನ್ಯ ಸಂಪಾದಕರೇ,

ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ತೂಕ ಇಳಿಸುವ ಆಹಾರಪಟ್ಟಿ ಆಗಾಗ ಬರುತ್ತಿರುತ್ತದೆ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ರಾತ್ರಿ ಇಷ್ಟು, ಕೊನೆಗೆ ದಪ್ಪಕ್ಷರದಲ್ಲಿ ‘ಒಟ್ಟು 1200 ಕ್ಯಾಲರಿ’. ಅದು ಯಾರಿಗೆ ಎಂದು ಮಾತ್ರ ಎಲ್ಲೂ ಇರುವುದಿಲ್ಲ. ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡವರಲ್ಲಿ ಒಬ್ಬರಿಗೆ ಪಟ್ಟಿ ಹೊಂದುತ್ತದೆ, ಇನ್ನೊಬ್ಬರು ವಾರ ತುಂಬುವುದರೊಳಗೆ ಕೈಬಿಡುತ್ತಾರೆ, ಮತ್ತೊಬ್ಬರಿಗೆ ತಿಂಗಳಾದರೂ ಏನೂ ಆಗುವುದಿಲ್ಲ. ಮೂರಕ್ಕೂ ಕಾರಣ ಒಂದೇ. ದಿನವೂ ಇದೇ ಲೆಕ್ಕದಲ್ಲಿ ಮುಳುಗಿರುವ ಆಹಾರತಜ್ಞರು ನಾವು. ಅದನ್ನು ಬಿಡಿಸಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ಸಹಿಸಿಕೊಳ್ಳಿ.

ಸುಮ್ಮನೆ ಮಲಗಿದ್ದರೂ ದೇಹ ಒಂದಷ್ಟು ಶಕ್ತಿ ಖರ್ಚು ಮಾಡುತ್ತದೆ. ಅದನ್ನು ಅಂದಾಜಿಸಲು ಹೆಚ್ಚಾಗಿ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸೂತ್ರ. ಕಿಲೋದಲ್ಲಿರುವ ತೂಕವನ್ನು 10ರಿಂದ, ಸೆಂಟಿಮೀಟರಿನ ಎತ್ತರವನ್ನು 6.25ರಿಂದ ಗುಣಿಸಿ ಕೂಡಿ. ವಯಸ್ಸನ್ನು 5ರಿಂದ ಗುಣಿಸಿ ಕಳೆಯಿರಿ. ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ. ಬಂದದ್ದನ್ನು ಓಡಾಟಕ್ಕೆ ತಕ್ಕಂತೆ ಗುಣಿಸಬೇಕು: ಕೂತೇ ಕೆಲಸ ಮಾಡುವವರಿಗೆ 1.2, ಸ್ವಲ್ಪ ನಡೆದಾಡುವವರಿಗೆ 1.375, ದಿನವೂ ಮೈಬಗ್ಗಿಸುವವರಿಗೆ 1.55. ಇಲ್ಲಿ ಬಹುತೇಕ ಎಲ್ಲರೂ ತಮ್ಮನ್ನು ಒಂದು ಮೆಟ್ಟಿಲು ಮೇಲೆ ಹಾಕಿಕೊಳ್ಳುತ್ತಾರೆ. ವಾರಕ್ಕೆ ಮೂರು ದಿನ ಅರ್ಧ ಗಂಟೆ ನಡೆದು ಉಳಿದ ಹೊತ್ತೆಲ್ಲ ಕುರ್ಚಿಯಲ್ಲಿರುವವರು 1.55 ಅಲ್ಲ, 1.2ಕ್ಕೂ 1.375ಕ್ಕೂ ನಡುವೆ ಎಲ್ಲೋ ಇದ್ದಾರೆ. ಅನುಮಾನವಿದ್ದರೆ ಕೆಳಗಿನ ಮೆಟ್ಟಿಲನ್ನೇ ಹಿಡಿಯಿರಿ.

ಈಗ ಮೂವರನ್ನು ತೆಗೆದುಕೊಳ್ಳೋಣ. 40 ವರ್ಷದ ಹೆಂಗಸು, 160 ಸೆಂ.ಮೀ. ಎತ್ತರ, 78 ಕಿಲೋ, ಕೂತು ಮಾಡುವ ಕೆಲಸ. ಸೂತ್ರದ ಪ್ರಕಾರ ವಿಶ್ರಾಂತಿಯ ಖರ್ಚು 1419, ದಿನದ ಒಟ್ಟು ಖರ್ಚು ಸುಮಾರು 1700. 1200ರ ಪಟ್ಟಿ ಹಿಡಿದರೆ ದಿನಕ್ಕೆ 500 ಕ್ಯಾಲರಿ ಕೊರತೆ. ಪುಸ್ತಕದಲ್ಲಿ ಹೇಳಿದಂತೆಯೇ ಇದೆ. ಎರಡನೆಯವರು 35ರ ಗಂಡಸು, 178 ಸೆಂ.ಮೀ., 105 ಕಿಲೋ, ದಿನವಿಡೀ ನಿಂತು, ಭಾರ ಎತ್ತಿ ದುಡಿಯುವವರು. ಅವರ ಖರ್ಚು ಸುಮಾರು 3090. ಅದೇ ಪಟ್ಟಿ ಅವರಿಗೆ ತರುವ ಕೊರತೆ 1890. ಬೇಕಾದುದರ ಅರ್ಧದಷ್ಟೂ ಹೊಟ್ಟೆಗೆ ಬೀಳುವುದಿಲ್ಲ. ಮೂರನೆಯವರು 58ರ ಹೆಂಗಸು, 150 ಸೆಂ.ಮೀ., 62 ಕಿಲೋ, ಓಡಾಟ ಕಡಿಮೆ. ಅವರ ಖರ್ಚೇ ಸುಮಾರು 1330. ಒಂದು ತುತ್ತೂ ಹೆಚ್ಚು ತಿನ್ನದೆ ಪಟ್ಟಿ ಪಾಲಿಸಿದರೂ ಸಿಗುವ ಕೊರತೆ ದಿನಕ್ಕೆ 130, ಅಂದರೆ ತಿಂಗಳಿಗೆ ಹೆಚ್ಚೆಂದರೆ ಅರ್ಧ ಕಿಲೋ. ದೇಹದಲ್ಲಿನ ನೀರಿನ ಏರಿಳಿತವೇ ಒಂದೂವರೆ ಕಿಲೋ ಇರುವಾಗ ಆ ಅರ್ಧ ಕಿಲೋ ತೂಕದ ಯಂತ್ರದಲ್ಲಿ ಕಾಣುವುದೂ ಇಲ್ಲ. ಅವರು ‘ನನ್ನ ಮೈಗೆ ಡಯಟ್ ಒಗ್ಗುವುದಿಲ್ಲ’ ಎಂದುಕೊಂಡು ಬಿಡುತ್ತಾರೆ. ಮೈಯದು ಏನೂ ತಪ್ಪಿಲ್ಲ.

ಹಾಗಾಗಿ ಆರಂಭಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವ ಡಯಟ್’ ಎಂಬುದಲ್ಲ, ‘ನನ್ನ ಖರ್ಚು ಎಷ್ಟು, ಕೊರತೆ ಎಷ್ಟಿರಲಿ’ ಎಂಬುದು. ಸಾಮಾನ್ಯವಾಗಿ ದಿನಕ್ಕೆ 500ರಿಂದ 750 ಕ್ಯಾಲರಿ ಕೊರತೆಯನ್ನು ಸೂಚಿಸುತ್ತಾರೆ. ಖರ್ಚು 2000ಕ್ಕೆ ಮೇಲಿದ್ದವರಿಗೆ ಇದು ಸರಿ. ಖರ್ಚೇ ಕಡಿಮೆ ಇರುವವರಿಗೆ ನಾವು ಶೇಕಡಾ 20ರ ಲೆಕ್ಕ ಹಾಕುತ್ತೇವೆ. ಆ 58ರ ಮಹಿಳೆಗೆ ಅದೂ ಕಷ್ಟ, ಏಕೆಂದರೆ ಊಟವನ್ನು 1200ರ ಕೆಳಕ್ಕೆ ಇಳಿಸಿದರೆ ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಎಲ್ಲವನ್ನೂ ಅಷ್ಟರಲ್ಲೇ ತುಂಬಿಸುವುದು ಆಗದ ಮಾತು. ಅಲ್ಲಿ ಊಟ ಮುಟ್ಟದೆ ಖರ್ಚನ್ನು ಏರಿಸಬೇಕು. ದಿನಕ್ಕೆ 4 ಕಿಲೋಮೀಟರ್ ಹೆಚ್ಚು ನಡೆದರೆ ಅವರ ತೂಕಕ್ಕೆ ಸುಮಾರು 120 ಕ್ಯಾಲರಿ ಹೆಚ್ಚುವರಿ ಖರ್ಚು. ಕೊರತೆ 250ಕ್ಕೆ ಬರುತ್ತದೆ, ತಿಂಗಳಿಗೆ ಒಂದು ಕಿಲೋ ಇಳಿಯುತ್ತದೆ. ಇದಕ್ಕಿಂತ ಹೆಚ್ಚು ಆಸೆ ತೋರಿಸುವ ಪಟ್ಟಿ ಅವರಿಗೆ ಸುಳ್ಳು ಹೇಳುತ್ತಿದೆ.

ಇನ್ನು ಒಂದು ಹಳೆಯ ಗುಣಾಕಾರದ ವಿಷಯ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ ಇರುತ್ತದೆ, ಆದ್ದರಿಂದ ದಿನಕ್ಕೆ 500 ಕಡಿಮೆ ತಿಂದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ, ವರ್ಷಕ್ಕೆ 23 ಕಿಲೋ ಎಂದು ಎಲ್ಲರೂ ಬರೆಯುತ್ತಾರೆ. 1958ರಲ್ಲಿ ಮ್ಯಾಕ್ಸ್ ವಿಷ್ನೋಫ್‌ಸ್ಕಿ ಎಂಬ ವೈದ್ಯರು ಹಾಕಿದ ಲೆಕ್ಕ ಇದರ ಬೇರು. ಮೊದಲ ಕೆಲವು ವಾರಗಳಿಗೆ ಇದು ನಡೆಯುತ್ತದೆ, ಆಮೇಲೆ ಕೈಕೊಡುತ್ತದೆ. ತೂಕ ಇಳಿದಂತೆ ಹೊತ್ತು ತಿರುಗುವ ಭಾರ ಕಡಿಮೆಯಾಗುತ್ತದೆ, ಖರ್ಚೂ ಇಳಿಯುತ್ತದೆ. ಸಾಲದ್ದಕ್ಕೆ ದೇಹ ತೂಕಕ್ಕೆ ತಕ್ಕುದಕ್ಕಿಂತಲೂ ಸ್ವಲ್ಪ ಹೆಚ್ಚೇ ಖರ್ಚು ತಗ್ಗಿಸುತ್ತದೆ, ಹಸಿವನ್ನು ಏರಿಸುತ್ತದೆ. ಆಗ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಕೊಟ್ಟ ಅಂದಾಜು ವಾಸ್ತವಕ್ಕೆ ಹತ್ತಿರ: ಕಾಯಂ ಆಗಿ ದಿನಕ್ಕೆ ಸುಮಾರು 24 ಕ್ಯಾಲರಿ ಕಡಿಮೆ ಮಾಡಿದರೆ ಕೊನೆಗೆ ಒಂದು ಕಿಲೋ ಇಳಿಯುತ್ತದೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದರ ಬಹುಪಾಲು ಮುಂದಿನ ಎರಡು ವರ್ಷಗಳಲ್ಲಿ. 500 ಕಡಿಮೆ ಮಾಡಿದವರಿಗೆ ಮೊದಲ ವರ್ಷ ಸಿಗುವುದು ಹತ್ತು ಕಿಲೋ ಆಸುಪಾಸು, 23 ಅಲ್ಲ. ಹತ್ತನ್ನೇ ಗುರಿಯಾಗಿಟ್ಟುಕೊಂಡು ಹೊರಟವರು ಗೆದ್ದೆವೆಂದುಕೊಳ್ಳುತ್ತಾರೆ. 23 ಅಂದುಕೊಂಡವರು ಅದೇ ಹತ್ತು ಕಿಲೋ ಇಳಿಸಿಯೂ ಸೋತೆವೆಂದುಕೊಳ್ಳುತ್ತಾರೆ.

ಕೊರತೆ ನಿಗದಿಯಾದ ಮೇಲೆ ಬಗೆಗಳ ಹೋಲಿಕೆ. ಕೊಬ್ಬು ಕಡಿಮೆ ಮಾಡುವ ಡಯಟ್ಟೋ, ಪಿಷ್ಟ (ಅನ್ನ, ಸಕ್ಕರೆಯಂಥವುಗಳಲ್ಲಿರುವ ಕಾರ್ಬೋಹೈಡ್ರೇಟ್) ಕಡಿಮೆ ಮಾಡುವ ಡಯಟ್ಟೋ ಎಂಬ ಜಗಳಕ್ಕೆ ಉತ್ತರ ಸಿಕ್ಕು ವರ್ಷಗಳೇ ಆದವು. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 811 ಜನರಿಗೆ ನಾಲ್ಕು ಬಗೆಯ ಡಯಟ್ ಕೊಟ್ಟರು; ಕೊಬ್ಬು, ಪ್ರೋಟೀನ್, ಪಿಷ್ಟದ ಪಾಲು ಬೇರೆ ಬೇರೆ, ದಿನದ ಕೊರತೆಯ ಗುರಿ ಮಾತ್ರ ಎಲ್ಲರಿಗೂ 750. ಎರಡು ವರ್ಷಗಳ ಕೊನೆಗೆ ನಾಲ್ಕು ಗುಂಪುಗಳೂ ಒಂದೇ ಜಾಗದಲ್ಲಿದ್ದವು. ವ್ಯತ್ಯಾಸ ಕಂಡದ್ದು ಬೇರೆ ಕಡೆ: ಸಲಹಾ ಸಭೆಗಳಿಗೆ ತಪ್ಪದೆ ಬಂದವರು ಹೆಚ್ಚು ಇಳಿಸಿದ್ದರು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 609 ಜನರನ್ನು ಎರಡು ಗುಂಪು ಮಾಡಿ ವರ್ಷವಿಡೀ ನೋಡಿತು. ಕೊಬ್ಬು ಕಡಿಮೆ ಮಾಡಿದವರು ಸರಾಸರಿ 5.3 ಕಿಲೋ, ಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿಸಿದರು. ಆ ವ್ಯತ್ಯಾಸಕ್ಕೆ ಸಂಖ್ಯಾಶಾಸ್ತ್ರದ ಬೆಲೆಯಿಲ್ಲ. ಯಾರಿಗೆ ಯಾವುದು ಒಗ್ಗುತ್ತದೆಂದು ವಂಶವಾಹಿ ನೋಡಿ ಹೇಳಬಹುದೇ ಎಂದೂ ಪರೀಕ್ಷಿಸಿದರು, ಆಗಲಿಲ್ಲ. ಹೀಗಿದ್ದೂ ರಕ್ತ ಕೊಟ್ಟರೆ ‘ನಿಮ್ಮ ಜೀನಿಗೆ ತಕ್ಕ ಡಯಟ್’ ಬರೆದುಕೊಡುತ್ತೇವೆ ಎನ್ನುವ ಜಾಹೀರಾತುಗಳಿಗೆ ಬರವಿಲ್ಲ.

ಆದರೂ ಪಿಷ್ಟ ಕಡಿಮೆ ಮಾಡಿದವರು ಮೊದಲ ವಾರದಲ್ಲೇ ಎರಡು ಕಿಲೋ ಇಳಿದೆವೆಂದು ಹಿಗ್ಗುವುದು ಏಕೆ? ಯಕೃತ್ತು ಮತ್ತು ಸ್ನಾಯುಗಳಲ್ಲಿ ಸುಮಾರು 400–500 ಗ್ರಾಂ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಂಡ ಸಕ್ಕರೆ ಇರುತ್ತದೆ, ಪ್ರತಿ ಗ್ರಾಮೂ ತನ್ನ ಜೊತೆ ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಲ್ಲಿಸಿದರೆ ಗ್ಲೈಕೋಜನ್ ಕರಗುತ್ತದೆ, ನೀರು ಮೂತ್ರದಲ್ಲಿ ಹೋಗುತ್ತದೆ. ಅದರ ಜೊತೆ ಉಪ್ಪಿನಂಶವೂ ಹೋಗುವುದರಿಂದ ಮೂರು–ನಾಲ್ಕನೇ ದಿನ ತಲೆನೋವು, ಎದ್ದು ನಿಂತರೆ ಕಣ್ಣು ಕತ್ತಲೆ. ಅದನ್ನು ‘ವಿಷ ಹೊರಹೋಗುತ್ತಿದೆ’ ಎಂದು ಬಣ್ಣಿಸುವವರಿದ್ದಾರೆ. ಹೋಗುತ್ತಿರುವುದು ನೀರು ಮತ್ತು ಸೋಡಿಯಂ. ಒಂದು ದಿನ ಹೊಟ್ಟೆತುಂಬ ಪಿಷ್ಟ ತಿಂದರೆ ಆ ಎರಡು ಕಿಲೋದ ಬಹುಭಾಗ ವಾಪಸ್ಸು. ಕೊಬ್ಬು ಮರಳಿ ಬಂತೆಂದು ಗಾಬರಿಯಾಗಿ ಆ ದಿನವೇ ಎಲ್ಲ ಕೈಬಿಡುವವರು ಬಹಳ. ಇಷ್ಟು ತಿಳಿದುಕೊಂಡರೆ ಪಿಷ್ಟ ಕಡಿಮೆ ಮಾಡುವ ದಾರಿ ಕೆಟ್ಟದ್ದೇನಲ್ಲ. ಸಿಹಿ, ಸಕ್ಕರೆ ಪಾನೀಯ, ಮೈದಾ ಪದಾರ್ಥಗಳಿಂದಲೇ ಹೆಚ್ಚುವರಿ ಕ್ಯಾಲರಿ ಬರುತ್ತಿರುವವರಿಗೆ ಅದೇ ಸಲೀಸು. ಕರಿದದ್ದು, ಎಣ್ಣೆ, ಬೀಜಗಳಿಂದ ಬರುತ್ತಿದ್ದರೆ ಕೊಬ್ಬು ಕಡಿಮೆ ಮಾಡುವುದೇ ನೇರ ದಾರಿ. ಸಕ್ಕರೆ ಮುಟ್ಟದವರಿಗೆ ಸಕ್ಕರೆ ಬಿಡಿ ಎನ್ನುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಉಪವಾಸದ ಬಗೆಗಳು ಈಗ ಜೋರಾಗಿವೆ. ದಿನ ಬಿಟ್ಟು ದಿನ ಉಪವಾಸ ಮಾಡುವ ಬಗೆಯನ್ನು ದಿನವೂ ಸ್ವಲ್ಪ ಕಡಿಮೆ ತಿನ್ನುವ ಬಗೆಯೊಂದಿಗೆ 100 ಜನರಲ್ಲಿ ಒಂದು ವರ್ಷ ಹೋಲಿಸಿದ ಪ್ರಯೋಗ 2017ರಲ್ಲಿ ಬಂತು. ಇಳಿದ ತೂಕ ಶೇ 6 ಮತ್ತು ಶೇ 5.3, ಅಂದರೆ ಸಮ. ಅರ್ಧಕ್ಕೇ ಬಿಟ್ಟುಹೋದವರು ಉಪವಾಸದ ಗುಂಪಿನಲ್ಲಿ ಶೇ 38, ಇನ್ನೊಂದರಲ್ಲಿ ಶೇ 29. ಎಂಟು ಗಂಟೆಯ ಅವಧಿಯೊಳಗೇ ಊಟ ಮುಗಿಸುವ ಬಗೆಯದೂ ಇದೇ ಕಥೆ. ಚೀನಾದ ಗ್ವಾಂಗ್‌ಝೌನಲ್ಲಿ 139 ಜನರಿಗೆ ಒಂದೇ ಪ್ರಮಾಣದ ಕ್ಯಾಲರಿ ಮಿತಿ ಹಾಕಿ, ಅರ್ಧ ಜನರಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರ ಒಳಗೆ ತಿನ್ನಬೇಕೆಂದರು. 2022ರಲ್ಲಿ ಫಲಿತಾಂಶ ಬಂದಾಗ ಗಡಿಯಾರ ನೋಡಿ ತಿಂದವರು 8 ಕಿಲೋ, ಉಳಿದವರು 6.3 ಕಿಲೋ ಇಳಿಸಿದ್ದರು. ಇದೂ ಕಾಕತಾಳೀಯವೆನ್ನಬಹುದಾದಷ್ಟೇ ಅಂತರ. ಗಡಿಯಾರಕ್ಕೆ ತನ್ನದೇ ಮಹಿಮೆಯಿಲ್ಲ. ರಾತ್ರಿ ಟಿವಿ ಮುಂದೆ ಕೂತು ಮೆಲ್ಲುವವರಿಗೆ ಆ ಹೊತ್ತಿನ ಬಾಗಿಲು ಮುಚ್ಚುತ್ತದೆ, ಅಷ್ಟೇ ಅದರ ಲಾಭ. ರಾತ್ರಿ ಮೊದಲೇ ಏನೂ ತಿನ್ನದವರು ಎಂಟು ಗಂಟೆಯೊಳಗೆ ಅಷ್ಟನ್ನೇ ತುಂಬಿಕೊಂಡರೆ ಯಂತ್ರದ ಮುಳ್ಳು ಅಲುಗುವುದಿಲ್ಲ.

ವಾರದಲ್ಲಿ ಎರಡು ದಿನ ಮಾತ್ರ ಬಿಗಿ ಹಿಡಿಯುವ 5:2 ಬಗೆಯಲ್ಲಿ ಆ ದಿನಗಳಿಗೆ ಹೆಂಗಸರಿಗೆ 500, ಗಂಡಸರಿಗೆ 600 ಕ್ಯಾಲರಿ. ಮೇಲಿನ 40ರ ಮಹಿಳೆಗೆ ಲೆಕ್ಕ ಹಾಕಿದರೆ ಎರಡು ದಿನದಲ್ಲಿ 2400 ಕೊರತೆ, ವಾರಕ್ಕೆ ಹಂಚಿದರೆ ದಿನಕ್ಕೆ 340. ಉಳಿದ ಐದು ದಿನ ಖರ್ಚಿಗೆ ಸರಿಯಾಗಿ ತಿಂದರೆ ಮಾತ್ರ. ಆ ಐದು ದಿನಗಳಲ್ಲಿ ತಲಾ 300 ಹೆಚ್ಚಾದರೆ 1500 ಹೋಯಿತು, ದಿನಕ್ಕೆ 130 ಕೂಡ ಉಳಿಯಲಿಲ್ಲ. ಎಣಿಕೆಯ ಗೋಜೇ ಬೇಡ, ಎರಡು ದಿನ ಹಲ್ಲುಕಚ್ಚಿ ಇದ್ದುಬಿಡುತ್ತೇನೆ ಎನ್ನುವ ಸ್ವಭಾವದವರಿಗೆ ಇದು ಹೊಂದುತ್ತದೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ಎರಡರಷ್ಟು ತಿನ್ನುವ ಅಭ್ಯಾಸದವರು ಇತ್ತ ತಲೆ ಹಾಕದಿರುವುದೇ ಲೇಸು.

ದಿನಕ್ಕೆ 800 ಕ್ಯಾಲರಿಗಿಂತ ಕಡಿಮೆಯದ್ದು ಬೇರೆಯೇ ಜಾತಿ. ಅದು ಮನೆಯಲ್ಲಿ ತಾನೇ ಮಾಡಿಕೊಳ್ಳುವಂಥದ್ದಲ್ಲ, ವೈದ್ಯರ ಕಣ್ಗಾವಲಿನಲ್ಲಿ, ಹೆಚ್ಚೆಂದರೆ 12 ವಾರ ನಡೆಯುವ ಚಿಕಿತ್ಸೆ. ಹಾಗೆಂದು ತಿರಸ್ಕರಿಸುವಂಥದ್ದೂ ಅಲ್ಲ. ಬ್ರಿಟನ್ನಿನ ಮೈಕ್ ಲೀನ್ ಮತ್ತು ರಾಯ್ ಟೇಲರ್ ಅವರ ‘ಡೈರೆಕ್ಟ್’ ಎಂಬ ಪ್ರಯೋಗದಲ್ಲಿ ಆ 800ಕ್ಕಿಂತ ತುಸುವೇ ಹೆಚ್ಚು, ಅಂದರೆ ಸುಮಾರು 825–853 ಕ್ಯಾಲರಿಯ ಸಿದ್ಧ ಪೇಯಗಳನ್ನಷ್ಟೇ ಮೂರರಿಂದ ಐದು ತಿಂಗಳು ಕೊಟ್ಟು, ಬಳಿಕ ಹಂತಹಂತವಾಗಿ ಊಟಕ್ಕೆ ಮರಳಿಸಿದರು. ಟೈಪ್ 2 ಮಧುಮೇಹ ಪತ್ತೆಯಾಗಿ ಆರು ವರ್ಷ ಮೀರದ, ಇನ್ಸುಲಿನ್ ಹಾಕಿಸಿಕೊಳ್ಳದವರನ್ನು ಮಾತ್ರ ಸೇರಿಸಿಕೊಂಡಿದ್ದರು. ವರ್ಷದ ಕೊನೆಗೆ ಶೇ 46 ಮಂದಿ ಔಷಧವಿಲ್ಲದೆಯೂ ಮಧುಮೇಹದ ಮಟ್ಟದಿಂದ ಹೊರಬಂದಿದ್ದರು. ಎರಡನೇ ವರ್ಷಕ್ಕೆ ಅದು ಶೇ 36. ಅಲ್ಲಿ ಮಧುಮೇಹ ಮತ್ತು ಬಿಪಿ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು, ಬೇಕಾದಾಗ ಮತ್ತೆ ಶುರು ಮಾಡುತ್ತಿದ್ದರು. ಈ ಸುದ್ದಿಯ ಮೊದಲರ್ಧ ಓದಿ, ಮಾತ್ರೆಯ ವಿಷಯ ಬಿಟ್ಟು, ಮನೆಯಲ್ಲಿ ಹಣ್ಣಿನ ರಸ ಕುಡಿದುಕೊಂಡಿರುವವರಿಗೆ ಆಗುವುದು ಚಿಕಿತ್ಸೆಯಲ್ಲ. ಆ ಸಿದ್ಧ ಪೇಯದಲ್ಲಿ ಪ್ರೋಟೀನ್, ಜೀವಸತ್ವ, ಖನಿಜ ಅಳೆದು ಹಾಕಿರುತ್ತಾರೆ. ಹಣ್ಣಿನ ರಸದಲ್ಲಿ ಸಕ್ಕರೆ ನೀರು ಬಿಟ್ಟರೆ ಹೆಚ್ಚೇನಿಲ್ಲ.

ವೇಗವಾಗಿ ಇಳಿಸಿದರೆ ವೇಗವಾಗಿ ಏರುತ್ತದೆ, ನಿಧಾನವೇ ಪ್ರಧಾನ ಎಂಬ ಮಾತು ನಮ್ಮ ವೃತ್ತಿಯವರ ಬಾಯಲ್ಲೂ ಇದೆ. ಆಸ್ಟ್ರೇಲಿಯಾದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. 12 ವಾರದಲ್ಲಿ ಇಳಿಸಿದವರು, 36 ವಾರದಲ್ಲಿ ಇಳಿಸಿದವರು, ಒಟ್ಟು 204 ಜನ. 2014ರಲ್ಲಿ ಬಂದ ಫಲಿತಾಂಶ: ಗುರಿ ಮುಟ್ಟಿದವರು ವೇಗದ ಗುಂಪಿನಲ್ಲೇ ಹೆಚ್ಚು, ಶೇ 81; ನಿಧಾನದಲ್ಲಿ ಶೇ 50. ಮೂರು ವರ್ಷಗಳ ಆಸುಪಾಸಿಗೆ ಎರಡೂ ಗುಂಪು ಇಳಿಸಿದ್ದರ ಶೇ 71ರಷ್ಟನ್ನು ಮರಳಿ ಪಡೆದಿದ್ದವು. ತೂಕ ಮರಳುವುದನ್ನು ನಿಧಾನವೂ ತಡೆಯಲಿಲ್ಲ. ನಾವು ಆರಂಭಕ್ಕೆ ಮಧ್ಯಮ ಕೊರತೆಯನ್ನೇ ಹೇಳುವುದು ಬೇರೆ ಕಾರಣಕ್ಕೆ: ಅದನ್ನು ಮನೆಯ ಊಟದಲ್ಲೇ ಮಾಡಬಹುದು, ತಪ್ಪಾದರೆ ಅಪಾಯ ಸಣ್ಣದು. ವಾರಕ್ಕೆ ಒಂದೂವರೆ ಕಿಲೋಗಿಂತ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ. ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಹಿಂಡಿಕೊಂಡು ಖಾಲಿಯಾಗುವುದಿಲ್ಲ, ಪಿತ್ತರಸ ನಿಂತಲ್ಲೇ ಗಟ್ಟಿಯಾಗುತ್ತದೆ. ಎಣ್ಣೆಯನ್ನು ಪೂರ್ತಿ ಬಿಡಬೇಡಿ ಎನ್ನುವುದು ಇದಕ್ಕೇ. ಕೂದಲು ಉದುರುವುದು ಇನ್ನೊಂದು. ಅದು ಶುರುವಾಗುವುದು ಎರಡು–ನಾಲ್ಕು ತಿಂಗಳ ನಂತರ, ಅಷ್ಟರಲ್ಲಿ ಕಾರಣ ಮರೆತು ಶ್ಯಾಂಪೂ ಬದಲಿಸುತ್ತಿರುತ್ತಾರೆ.

ಒಂದು ಮಾತು ಇಲ್ಲಿ ಹೇಳಲೇಬೇಕು. 1944–45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರು ತಿಂಗಳು ಕಡಿಮೆ ಊಟದಲ್ಲಿಟ್ಟಿದ್ದರು. ಮೈತೂಕದ ಕಾಲುಭಾಗ ಕಳೆದುಕೊಂಡ ಅವರು ಚಳಿಯಿಂದ ನಡುಗುತ್ತಿದ್ದರು, ಮಂಕಾಗಿದ್ದರು, ಹಗಲಿರುಳೂ ಊಟದ ಯೋಚನೆಯಲ್ಲೇ ಇದ್ದರು. ಪ್ರಯೋಗದ ಆ ಹಂತಕ್ಕೆ ‘ಅರೆ ಉಪವಾಸ’ ಎಂದೇ ಹೆಸರು. ದಿನಕ್ಕೆ ಕೊಟ್ಟದ್ದು ಸುಮಾರು 1570 ಕ್ಯಾಲರಿ. ಅವರು ತೆಳ್ಳಗಿದ್ದವರು, ದಿನವೂ ಸಾಕಷ್ಟು ನಡೆಯುತ್ತಿದ್ದವರು, ನಿಜ. ಆದರೆ 1200 ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕುವಾಗ ಈ 1570 ನೆನಪಿರಲಿ.

ಇನ್ನು ಶುರು ಮಾಡುವುದು ಹೇಗೆ? ಮೊದಲ ಏಳು ದಿನ ಏನನ್ನೂ ಬದಲಿಸಬೇಡಿ. ತಿಂದದ್ದನ್ನೆಲ್ಲ ತಿಂದ ಕೂಡಲೇ ಬರೆಯಿರಿ. ರಾತ್ರಿ ಕೂತು ನೆನಪಿಸಿಕೊಂಡು ಬರೆದರೆ ಕಾಲುಭಾಗ ಬಿಟ್ಟುಹೋಗಿರುತ್ತದೆ. 1992ರ ಒಂದು ಪುಟ್ಟ ಅಧ್ಯಯನದಲ್ಲಿ, ಎಷ್ಟು ಕಡಿಮೆ ತಿಂದರೂ ಇಳಿಯುವುದಿಲ್ಲ ಎನ್ನುತ್ತಿದ್ದವರನ್ನು ಅಳೆದು ನೋಡಿದರು: ತಿಂದದ್ದರಲ್ಲಿ ಶೇ 47ರಷ್ಟು ಅವರ ಲೆಕ್ಕಕ್ಕೇ ಬಂದಿರಲಿಲ್ಲ, ಮಾಡಿದ ವ್ಯಾಯಾಮವನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಅವರು ಸುಳ್ಳುಗಾರರಲ್ಲ. ಕಣ್ಣಳತೆ ಎಲ್ಲರಿಗೂ ಮೋಸ ಮಾಡುತ್ತದೆ.

ಕಣ್ಣಳತೆ ಹೆಚ್ಚು ತಪ್ಪುವುದು ಎಣ್ಣೆಯಲ್ಲಿ. ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಎಣ್ಣೆಯಲ್ಲಿ 120 ಕ್ಯಾಲರಿ. ಸೀಸೆಯಿಂದ ನೇರ ಬಾಣಲೆಗೆ ಸುರಿದರೆ ಒಂದು ಚಮಚ ಎಂದುಕೊಂಡದ್ದು ಸುಲಭವಾಗಿ ಎರಡೂವರೆ ಆಗುತ್ತದೆ. 180 ಕ್ಯಾಲರಿ ಲೆಕ್ಕ ತಪ್ಪಿತು. ಎರಡು ಹೊತ್ತು ಹೀಗಾದರೆ ದಿನದ ಕೊರತೆಯ ಮುಕ್ಕಾಲು ಭಾಗ ಬಾಣಲೆಯಲ್ಲೇ ಕರಗಿತು. ಪರಿಹಾರ ಸರಳ: ಇಡೀ ಮನೆಯ ಒಂದು ವಾರದ ಎಣ್ಣೆಯನ್ನು ಅಳೆದು ಬೇರೆ ಸೀಸೆಗೆ ಹಾಕಿಡಿ, ವಾರದ ಕೊನೆಗೆ ಎಷ್ಟು ಉಳಿಯಿತು ನೋಡಿ, ತಲೆಗೆ ಹಂಚಿ. ಎರಡನೇ ತಪ್ಪು ಹಸಿ–ಬೆಂದ ಗೊಂದಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲರಿ, 100 ಗ್ರಾಂ ಅನ್ನದಲ್ಲಿ 130. ಪಟ್ಟಿಯಲ್ಲಿ ‘ಅಕ್ಕಿ 60 ಗ್ರಾಂ’ ಎಂದಿದ್ದರೆ ಅನ್ನ 60 ಗ್ರಾಂ ಬಡಿಸಿಕೊಂಡು ಹಸಿದು ಸಾಯುವವರೂ ಇದ್ದಾರೆ, ‘ಅನ್ನ 150 ಗ್ರಾಂ’ ಎಂದಿದ್ದರೆ ಅಕ್ಕಿ 150 ಗ್ರಾಂ ಅಳೆದು ಮೂರರಷ್ಟು ತಿನ್ನುವವರೂ ಇದ್ದಾರೆ. ಅಡುಗೆ ತಕ್ಕಡಿ ಮೊದಲ ತಿಂಗಳಾದರೂ ಬೇಕು; ಆಮೇಲೆ ಕೈಗೇ ಅಂದಾಜು ಬರುತ್ತದೆ.

ಏಳು ದಿನದ ಸರಾಸರಿ ಬಂತು, ಸೂತ್ರದ ಉತ್ತರವೂ ಇದೆ. ಎರಡಕ್ಕೂ ಅಂತರ 300 ಮೀರಿದರೆ ಬಹುಮಟ್ಟಿಗೆ ಬರವಣಿಗೆಯಲ್ಲೇ ಏನೋ ಬಿಟ್ಟುಹೋಗಿದೆ. ಸೂತ್ರದ ಉತ್ತರದಿಂದ 500 ಕಳೆದು ಶುರು ಮಾಡಿ; ಖರ್ಚೇ ಕಡಿಮೆ ಇರುವವರು ಮೇಲೆ ಹೇಳಿದ ಶೇ 20ರ ಲೆಕ್ಕ ಹಿಡಿಯಿರಿ, 1200ರ ಕೆಳಗೆ ಇಳಿಯಬೇಡಿ. ತೂಕವನ್ನು ದಿನವೂ ಬೆಳಿಗ್ಗೆ, ಶೌಚ ಮುಗಿಸಿ, ಏನೂ ಕುಡಿಯುವ ಮೊದಲು ನೋಡಿ; ಆದರೆ ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ವಾರದ ಸರಾಸರಿಯನ್ನು ಹಿಂದಿನ ವಾರದ ಸರಾಸರಿಗೆ ಹೋಲಿಸಿ. ಮುಟ್ಟಾಗುವ ಹೆಂಗಸರು ಈ ಮುಟ್ಟಿನ ಚಕ್ರದ ಎರಡನೇ ವಾರವನ್ನು ಹಿಂದಿನ ಚಕ್ರದ ಎರಡನೇ ವಾರಕ್ಕೇ ಹೋಲಿಸಬೇಕು, ಇಲ್ಲದಿದ್ದರೆ ನೀರಿನ ಭಾರವೇ ದಾರಿ ತಪ್ಪಿಸುತ್ತದೆ. ಮೊದಲ ಎರಡು ವಾರದ ಇಳಿಕೆಯನ್ನು ನಂಬಬೇಡಿ. ಮೂರನೇ ವಾರದಿಂದ ಆರನೇ ವಾರದ ತನಕ ವಾರಕ್ಕೆ ಮೈತೂಕದ ಶೇ 0.5ರಷ್ಟು ಇಳಿಯುತ್ತಿದ್ದರೆ ಯಾವುದನ್ನೂ ಮುಟ್ಟಬೇಡಿ. ಶೇ 1ನ್ನು ಮೀರಿ ಇಳಿಯುತ್ತಿದ್ದರೆ 200 ಕ್ಯಾಲರಿ ಸೇರಿಸಿ. ಏನೂ ಇಳಿಯದಿದ್ದರೆ ಊಟ ಕಡಿತಕ್ಕೆ ಮೊದಲು ಒಂದು ವಾರ ತಕ್ಕಡಿಗೆ ಮರಳಿ. ಹತ್ತರಲ್ಲಿ ಎಂಟು ಸಲ ಸೋರುವ ಜಾಗ ಶನಿವಾರ–ಭಾನುವಾರ: ಐದು ದಿನ 500ರಂತೆ ಉಳಿಸಿದ 2500ರಲ್ಲಿ ಎರಡು ದಿನ ಸಾವಿರದಂತೆ ಹೆಚ್ಚು ತಿಂದರೆ ಉಳಿಯುವುದು ವಾರಕ್ಕೆ 500.

ಕೈಗಡಿಯಾರ ತೋರಿಸುವ ‘ಸುಟ್ಟ ಕ್ಯಾಲರಿ’ಯನ್ನು ಊಟಕ್ಕೆ ವಾಪಸ್ಸು ಸೇರಿಸಿಕೊಳ್ಳುವುದು ಇನ್ನೊಂದು ಹಳ್ಳ. 2017ರಲ್ಲಿ ಏಳು ಉಪಕರಣಗಳನ್ನು ಪರೀಕ್ಷಿಸಿದಾಗ ನಾಡಿಬಡಿತವನ್ನು ಹೆಚ್ಚಿನವು ಸರಿಯಾಗಿ ಹೇಳಿದವು. ಕ್ಯಾಲರಿ ವಿಷಯದಲ್ಲಿ ಇದ್ದುದರಲ್ಲೇ ಉತ್ತಮವಾದದ್ದೂ ಶೇ 27 ತಪ್ಪಿತ್ತು.

ಪ್ರೋಟೀನ್ ವಿಷಯದಲ್ಲಿ ಪಟ್ಟಿಗಳು ಜಿಪುಣ. ಕೊರತೆಯಲ್ಲಿರುವಾಗ ಮೈತೂಕದ ಕಿಲೋಗೆ 1ರಿಂದ 1.2 ಗ್ರಾಂ ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ನಮ್ಮ 78 ಕಿಲೋ ಮಹಿಳೆಗೆ 80 ಗ್ರಾಂ ಎಂದಿಟ್ಟುಕೊಳ್ಳಿ. ಒಣಕಾಳಿನ 100 ಗ್ರಾಮಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, 345 ಕ್ಯಾಲರಿ. 80 ಗ್ರಾಂ ಪೂರ್ತಿ ಕಾಳಿನಿಂದಲೇ ಬರಬೇಕೆಂದರೆ 330 ಗ್ರಾಂ ಕಾಳು ತಿನ್ನಬೇಕು; ಅಲ್ಲಿಗೆ 1150 ಕ್ಯಾಲರಿ, ದಿನದ ಪಾಲೇ ಮುಗಿಯಿತು. ಆದ್ದರಿಂದ ಕಾಳಿನ ಜೊತೆ ಕೊಬ್ಬು ತೆಗೆದ ಹಾಲು, ಮೊಸರು, ಸೋಯಾ ಅಥವಾ ಮೊಟ್ಟೆ, ಮೀನು, ಕೋಳಿ ಏನಾದರೊಂದು ಬೇಕೇ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಬೇಯಿಸಿದ ಕೋಳಿಯ ಎದೆಭಾಗದ 100 ಗ್ರಾಮಿನಲ್ಲಿ 30. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಜೊತೆಗಿದ್ದರೆ ಸ್ನಾಯು ಇನ್ನೂ ಚೆನ್ನಾಗಿ ಉಳಿಯುತ್ತದೆ. ಮೂತ್ರಪಿಂಡದ ತೊಂದರೆ ಇರುವವರು ಈ ಅಂಕಿಗಳನ್ನು ಹಿಡಿಯಕೂಡದು. ಅವರ ಲೆಕ್ಕವೇ ಬೇರೆ.

ಮಾತ್ರೆಗಳ ವಿಷಯವನ್ನು ಪಟ್ಟಿ ಬರೆಯುವವರು ಸಾಮಾನ್ಯವಾಗಿ ಮರೆಯುತ್ತಾರೆ. ಮಧುಮೇಹಕ್ಕೆ ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ತೆಗೆದುಕೊಳ್ಳುವವರು ಹಳೆಯ ಪ್ರಮಾಣದಲ್ಲೇ ಔಷಧ ಮುಂದುವರಿಸಿ ಊಟ ಅರ್ಧಕ್ಕಿಳಿಸಿದರೆ ಸಕ್ಕರೆ ಅಂಶ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ಪಿಷ್ಟ ಪೂರ್ತಿ ಬಿಟ್ಟರೆ ಅಥವಾ ದೀರ್ಘ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೋಅಸಿಡೋಸಿಸ್ ಆಗಬಹುದು. ರಕ್ತದ ಸಕ್ಕರೆ ತೀರ ಹೆಚ್ಚಿರದೆಯೂ ಆಗುವುದರಿಂದ ಮನೆಯಲ್ಲಿ ಪರೀಕ್ಷೆ ಮಾಡಿಕೊಂಡರೂ ಗುಟ್ಟು ಬಿಡುವುದಿಲ್ಲ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಬಿಪಿ ಮಾತ್ರೆ, ಅದರಲ್ಲೂ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದವರಿಗೆ ಮೊದಲ ಎರಡು ವಾರ ತಲೆಸುತ್ತು ಬಂದರೆ ಪ್ರಮಾಣ ಕಡಿಮೆ ಮಾಡಬೇಕಾಗಬಹುದು. ತಾವಾಗಿ ಬಿಡದೆ ಬರೆದುಕೊಟ್ಟವರನ್ನೇ ಕೇಳಬೇಕು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ತುಂಬದವರು, ಹಿಂದೆ ಊಟ ಬಿಟ್ಟು ಅಥವಾ ತಿಂದು ಕಕ್ಕಿ ನರಳಿದವರು ಇವರ್ಯಾರಿಗೂ ಪತ್ರಿಕೆಯ ಪಟ್ಟಿ ಸಲ್ಲದು.

ಆರು ತಿಂಗಳ ಸುಮಾರಿಗೆ ತೂಕ ಇಳಿಯುವ ವೇಗ ಕುಗ್ಗುತ್ತದೆ. ಅದು ಸೋಲಲ್ಲ; ಕಡಿಮೆಯಾದ ತೂಕದ ಖರ್ಚು ಈಗಿನ ಊಟಕ್ಕೆ ಹತ್ತಿರವಾಗಿದೆ, ಕೊರತೆ ಕಿರಿದಾಗಿದೆ. ಆಗ ಹೊಸ ತೂಕ ಹಾಕಿ ಸೂತ್ರವನ್ನು ಮತ್ತೆ ಲೆಕ್ಕ ಮಾಡಬೇಕು. 78ರಿಂದ 68ಕ್ಕೆ ಬಂದ ಮಹಿಳೆಯ ಖರ್ಚು ಸೂತ್ರದ ಪ್ರಕಾರವೇ 120 ಕಡಿಮೆಯಾಗಿದೆ, ಹಸಿವು ಮಾತ್ರ ಮೊದಲಿಗಿಂತ ಹೆಚ್ಚಿದೆ. ಅಲ್ಲಿಂದ ಇನ್ನೂ ಇಳಿಸುವುದೋ, ಇಲ್ಲೇ ನಿಲ್ಲಿಸಿ ಇದ್ದುದನ್ನು ಉಳಿಸಿಕೊಳ್ಳುವುದೋ ಎಂದು ಆಕೆಯೇ ತೀರ್ಮಾನಿಸಬೇಕು. ಉಳಿಸಿಕೊಳ್ಳುವುದಾದರೆ ವಾರಕ್ಕೆ ನೂರರಂತೆ ಕ್ಯಾಲರಿ ಏರಿಸುತ್ತಾ, ವಾರದ ಸರಾಸರಿ ಅಲುಗದ ಜಾಗದಲ್ಲಿ ನಿಲ್ಲಬಹುದು. ಆರು ತಿಂಗಳ ಹಿಂದಿನ ಊಟಕ್ಕೆ ಮಾತ್ರ ಮರಳುವಂತಿಲ್ಲ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಒಂದೇ. ಮುಂದಿನ ಸಲ ಆಹಾರಪಟ್ಟಿ ಅಚ್ಚು ಹಾಕುವಾಗ ಕೆಳಗೆ ಮೂರು ಸಾಲಿಗೆ ಜಾಗ ಬಿಡಿ: ಇದು ಇಷ್ಟು ವಯಸ್ಸಿನ, ಇಷ್ಟು ಎತ್ತರ–ತೂಕದ, ಇಂಥ ಕೆಲಸದವರಿಗೆ, ತೂಕಗಳೆಲ್ಲ ಹಸಿಯದೋ ಬೆಂದದ್ದೋ, ಎಣ್ಣೆ ಸೇರಿದೆಯೋ ಇಲ್ಲವೋ, ಇಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಹಿಡಿಯಬಾರದು. ಜಾಗ ಸಾಲದಿದ್ದರೆ ‘ಒಟ್ಟು 1200 ಕ್ಯಾಲರಿ’ ಎಂಬ ದಪ್ಪಕ್ಷರದ ಸಾಲನ್ನು ತೆಗೆಯಬಹುದು.

ಇಂತಿ ನಿಮ್ಮ ಓದುಗರು,
ಆಹಾರತಜ್ಞರ ಒಂದು ಬಳಗ